ನಾಲ್ಕನೇ ಪುಟದ ಅಂಚಿನಾಚೆ

“ಚಿಕ್ಕಮ್ಮ, ಈ ಮೆಸೇಜು ಯಾವ ಕಡೆ ಇದೆ, ನೋಡಿ.”

ಟಚಿಂಗಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಪರದೆಯತ್ತ ಬಗ್ಗಿದರು. ಪಿಡಿಎಫ್‌ನ ಎರಡನೇ ಪುಟ. ಪುಟದ ತುಂಬ ಒಂದೇ ಸ್ಕ್ರೀನ್‌ಶಾಟ್. ಮೇಲೆ ‘ಹಳೇ ಸಾಮಾನು ವ್ಯಾಪಾರಿ’ ಎಂಬ ಹೆಸರು. ಅದರ ಕೆಳಗೆ ಹಸಿರು ಚೌಕದಲ್ಲಿ ಮೂರು ಸಾಲು: ‘ನಾನು ಸ್ಟುಡಿಯೋದ ಡಾರ್ಕ್‌ರೂಮಿನವನು. ಗಾಜಿನ ನೆಗೆಟಿವ್ ಪೆಟ್ಟಿಗೆ ನನ್ನ ಹತ್ತಿರ ಇದೆ. ದೂರದವರಿಗೆ ಯಾರಿಗಾದರೂ ದಾಟಿಸಿಬಿಡಿ.’

“ಬಲಗಡೆ ಇದೆ. ಅದಕ್ಕೇನೀಗ?”

“ನಿಮ್ಮ ಫೋನ್ ತೆಗೀರಿ. ಬೆಳಿಗ್ಗೆ ನಾನು ನಿಮಗೆ ಕಳಿಸಿದ ಮೆಸೇಜು ಯಾವ ಕಡೆ ಇದೆ?”

ಟಚಿಂಗಮ್ಮ ನೋಡಿದರು. ‘ಬರೋವಾಗ ಸ್ಟೇಪ್ಲರ್ ಪಿನ್ ತನ್ನಿ’ ಎಂಬ ಅಕ್ಕನ ಮಗಳ ಮಾತು ಎಡಗಡೆ ಇತ್ತು. ತಾವು ಕೊಟ್ಟ ‘ಆಯ್ತು ಮಹರಾಯ್ತಿ’ ಎಂಬ ಉತ್ತರ ಬಲಗಡೆ ಇತ್ತು.

ಅವರು ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿಕೊಂಡರು. “ಅಂದ್ರೆ, ಯಾರ ಫೋನಿಂದ ತೆಗೀತಾರೋ ಅವರ ಮಾತು ಬಲಗಡೆ.”

“ಎದುರಿನೋರ ಹೆಸರು ತಲೆ ಮೇಲೆ. ಮೊದಲ್ನೇ ಪುಟದ ಕಾಗದದಲ್ಲಿ ಏನಂತ ಬರ್ದಿದಾರೆ? ‘ವ್ಯಾಪಾರಿಯ ಫೋನಿನಿಂದ ತೆಗೆದ ಚಿತ್ರಗಳನ್ನು ಸೇರಿಸಿದ್ದೇನೆ’ ಅಂತ. ವ್ಯಾಪಾರಿ ಫೋನಾಗಿದ್ರೆ ಮೇಲೆ ಡಾರ್ಕ್‌ರೂಮ್ ಮಾವನ ಹೆಸರು ಇರ್ಬೇಕಿತ್ತು, ಈ ಮಾತು ಎಡಗಡೆ ಇರ್ಬೇಕಿತ್ತು. ಇದು ಮಾವನ ಫೋನಿಂದಾನೇ ತೆಗೆದಿರೋದು ಚಿಕ್ಕಮ್ಮ.”

ಸ್ಟುಡಿಯೋದ ಗಾಜಿನ ನೆಗೆಟಿವ್ ಪೆಟ್ಟಿಗೆ ಕಾಣೆಯಾಗಿ ಅಂದಿಗೆ ಹನ್ನೊಂದು ದಿನ. ಕದ್ದವನು ಐವತ್ತು ವರ್ಷದಿಂದ ಅಲ್ಲೇ ದುಡಿದ ಡಾರ್ಕ್‌ರೂಮ್ ಮಾವ ಎನ್ನುವ ಈ ನಾಲ್ಕು ಪುಟದ ಪಿಡಿಎಫ್ ಹೆಸರಿಲ್ಲದ ಇಮೇಲಿನಲ್ಲಿ ಬಂದು ಮೂರು ದಿನ. ಸ್ಟುಡಿಯೋದ ಚಿಕ್ಕ ಯಜಮಾನ ಸಂಜೆ ಐದು ಗಂಟೆಗೆ ಅದನ್ನು ಪೊಲೀಸರ ಕೈಗೆ ಕೊಡುವವನಿದ್ದ.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಕಾಲು.

“ಆ ಫೋನು ಇಡೀ ದಿನ ಸ್ಟುಡಿಯೋ ಕೌಂಟರ್ ಮೇಲೆ ಚಾರ್ಜಿಗೆ ಬಿದ್ದಿರ್ತಿತ್ತು” ಎಂದರು ಟಚಿಂಗಮ್ಮ. “ಚಿಕ್ಕ ಯಜಮಾನ ಮುಟ್ಟಬಹುದಿತ್ತು. ಹೊಸದಾಗಿ ಸೇರಿರೋ ಆ ಕ್ಯಾಮೆರಾದವನೂ ಮುಟ್ಟಬಹುದಿತ್ತು.”

“ಮಾವಾನೇ ಮಾಡಿರಬಹುದಲ್ವಾ?”

“ತಾನೇ ಕದ್ದು, ತಾನೇ ಚಾಡಿ ಹೇಳ್ಕೊಳ್ಳೋನು ಎಲ್ಲಾದ್ರೂ ಉಂಟೇನೇ?”

ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ. ಅಕ್ಕನ ಮಗಳದ್ದು ಜೆರಾಕ್ಸ್, ಟೈಪಿಂಗ್ ಅಂಗಡಿ. ಒಂದು ಮೂಲೆಯಲ್ಲಿ ಲ್ಯಾಮಿನೇಷನ್ ಯಂತ್ರ ಬಿಸಿ ಪ್ಲಾಸ್ಟಿಕ್ ವಾಸನೆ ಬಿಡುತ್ತಿತ್ತು. ಬಂದಾತ ಕೆಲಸದ ಅರ್ಜಿ ಹಾಕುವವನು. ಫೋನನ್ನು ಕೌಂಟರ್ ಮೇಲಿಟ್ಟು, “ಮೇಡಂ, ನನ್ನ ಫೋಟೋ, ಸಹಿ, ಅಂಕಪಟ್ಟಿ, ಎಲ್ಲಾ ಒಂದೇ ಪಿಡಿಎಫ್‌ಗೆ ಸೇರಿಸ್ಬೇಕು. ಆದ್ರೆ ಸೈಜು ಜಾಸ್ತಿ ಆಗ್ಬಾರ್ದು” ಎಂದ.

“ಆನೇನ ಬೆಂಕಿಪೊಟ್ಟಣದಲ್ಲಿ ಕೂರ್ಸಿ ಅಂತೀರಲ್ಲ ಸ್ವಾಮಿ. ಕೂತ್ಕೊಳ್ಳಿ, ಹತ್ತು ನಿಮಿಷ.”

ಟಚಿಂಗಮ್ಮ ಮೂರನೇ ಪುಟ ನೋಡಿದರು. ಅಲ್ಲಿಯೂ ಸ್ಕ್ರೀನ್‌ಶಾಟ್, ಹಸಿರು ಚೌಕಗಳೆಲ್ಲ ಬಲಗಡೆ, ಎಡಗಡೆ ‘ಸರಿ’, ‘ಆಗಲಿ’ ಎಂಬ ಚುಟುಕು ಉತ್ತರಗಳು. ನಾಲ್ಕನೇ ಪುಟದಲ್ಲಿ ಒಂದು ಫೋಟೋ: ಮರದ ಮೇಜಿನ ಮೇಲೆ ಹಿತ್ತಾಳೆ ಕೊಂಡಿಯ ಪೆಟ್ಟಿಗೆ, ಮುಚ್ಚಳ ತೆರೆದಿದೆ, ಒಳಗೆ ಗಾಜಿನ ತಟ್ಟೆಗಳು ಸಾಲಾಗಿ ನಿಂತಿವೆ.

ಆ ಪೆಟ್ಟಿಗೆಯನ್ನು ಅವರು ಮೊದಲು ನೋಡಿದಾಗ ಅವರಿಗೆ ಹದಿನೆಂಟು ವರ್ಷ.

ಆಗ ಕಂಪ್ಯೂಟರ್ ಇರಲಿಲ್ಲ. ಫೋಟೋದಲ್ಲಿ ಮೊಡವೆ ಕಾಣಬಾರದೆಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಬೇಕು. ಅದಕ್ಕೆ ಟಚಿಂಗ್ ಎಂದು ಹೆಸರು. ಉತ್ತರದ ಕಿಟಕಿಯ ಪಕ್ಕ ಇಳಿಜಾರು ಮೇಜು, ಅದರ ನಡುವೆ ಹಾಲುಬಣ್ಣದ ಗಾಜು. ದೊಡ್ಡ ಯಜಮಾನರು ಮರಳು ಕಾಗದದ ಮೇಲೆ ಪೆನ್ಸಿಲ್ ತಿಕ್ಕಿ ಸೂಜಿಯಷ್ಟು ಚೂಪು ಮಾಡಿ ಕೈಗಿಟ್ಟು, “ಕಲೆ ತೆಗಿ ಮಗು, ಮುಖ ತೆಗೀಬೇಡ” ಎಂದಿದ್ದರು. ಡಾರ್ಕ್‌ರೂಮಿನೊಳಗೆ ಕೆಂಪು ಬಲ್ಬು. ಯಾರೂ ತಪ್ಪಿ ಬಾಗಿಲು ತೆಗೆಯದಿರಲೆಂದು ಮಾವ ಒಳಗಿನಿಂದ ಸಿಳ್ಳೆ ಹಾಕುತ್ತಲೇ ಇರುತ್ತಿದ್ದರು. ಸಿಳ್ಳೆ ನಿಂತರೆ ಕೆಲಸ ಮುಗಿಯಿತೆಂದು ಅರ್ಥ. ಮಹಡಿಯಿಂದ ಯಜಮಾನರ ಹೆಂಡತಿ ಅಮ್ಮಾವ್ರು ಎಲ್ಲರಿಗೂ ಚಹಾ ಕಳಿಸುತ್ತಿದ್ದರು.

ಟಚಿಂಗ್ ಎಂಬ ಹೆಸರು ಆಮೇಲೆ ಅವರಿಗೆ ಅಂಟಿಕೊಂಡೇ ಬಂತು. ಟಚಿಂಗ್ ಕೆಲಸ ಕಂಪ್ಯೂಟರಿನ ಪಾಲಾದ ಮೇಲೆ ವಕೀಲರು ಅವರನ್ನು ಹುಡುಕಿಕೊಂಡು ಬಂದರು. ತಿದ್ದಿದ ಫೋಟೋ, ತಿದ್ದಿದ ದಾಖಲೆ ಯಾವುದೆಂದು ಹೇಳಲು, ಜೀವಮಾನವಿಡೀ ತಿದ್ದಿದವರಿಗಿಂತ ಬೇರೆ ಯಾರು ಬೇಕು?

“ಚಿಕ್ಕಮ್ಮ, ಎಲ್ಲಿ ಕಳೆದ್ಹೋದ್ರಿ?” ಗಿರಾಕಿಯನ್ನು ಸಾಗಹಾಕಿ ಅಕ್ಕನ ಮಗಳು ಬಂದು ಕೂತಿದ್ದಳು. “ಈ ನಾಲ್ಕನೇ ಪುಟದ ಫೋಟೋ ನನಗ್ಯಾಕೋ ಸರಿ ಕಾಣ್ತಿಲ್ಲ. ಯಾರೂ ಫೋಟೋನ ಹಿಂಗೆ ಉದ್ದುದ್ದ ತೆಗೆಯಲ್ಲ. ಬಲಗಡೆ ಅರ್ಧಕ್ಕರ್ಧ ಕ್ರಾಪ್ ಮಾಡಿದಾರೆ.”

“ಕತ್ತರಿಸಿ ಎಸೆದ್ಮೇಲೆ ಮುಗೀತಲ್ಲ.”

“ಅಲ್ಲೇ ಎಲ್ರೂ ಎಡವೋದು. ಕೆಲವು ಆ್ಯಪ್ ನಿಜವಾಗ್ಲೂ ಕತ್ತರಿಸತ್ತೆ. ಕೆಲವು ಕತ್ತರಿಸಲ್ಲ, ಬರೀ ಮರೆ ಮಾಡತ್ತೆ. ಪಿಡಿಎಫ್ ಒಳಗೆ ಪೂರ್ತಿ ಫೋಟೋ ಹಾಗೇ ಕೂತಿರತ್ತೆ. ನೀವು ಫ್ರೇಮು ಹಾಕೋವಾಗ ಬೇಡದ್ದನ್ನ ರಟ್ಟಿನ ಹಿಂದೆ ಮಡಚ್ತಿದ್ರಂತಲ್ಲ, ಹಾಗೆ.”

ಆಕೆ ಚಿತ್ರದ ಮೇಲೆ ಎರಡು ಸಲ ಒತ್ತಿದಳು. ಅಂಚಿನಲ್ಲಿ ಸಣ್ಣ ಚೌಕಗಳು ಮೂಡಿದವು. ಬಲಗಡೆಯ ಚೌಕವನ್ನು ಹಿಡಿದು ಪಕ್ಕಕ್ಕೆ ಎಳೆದಳು. ಮೇಜು ಉದ್ದವಾಯಿತು. ಮೇಜಿನಾಚೆ ಒಂದು ಕಪಾಟು ಬಂತು. ಕಪಾಟಿನ ಪಕ್ಕ ಒಂದು ಬಾಗಿಲು ಬಂತು.

ಬಾಗಿಲ ಮೇಲೆ ಬಿಳಿ ಚೀಟಿ ಅಂಟಿಸಿತ್ತು.

“ದೊಡ್ಡದು ಮಾಡು” ಎಂದರು ಟಚಿಂಗಮ್ಮ.

‘ಇದು ಮೆಟ್ಟಿಲ ಬಾಗಿಲು. ಒಬ್ಬರೇ ಇಳಿಯಬೇಡಿ.’

ಕಪಾಟಿನ ಮೇಲೆ ಇನ್ನೊಂದು ಚೀಟಿ: ‘ಸಕ್ಕರೆ ಇಲ್ಲಿದೆ. ಚಹಾ ಆಗಲೇ ಕುಡಿದಿದ್ದೀರಿ.’ ಒಂದು ಪುಟ್ಟ ಡಬ್ಬಿಯ ಮೇಲೆ: ‘ಗುಳಿಗೆ. ಬೆಳಿಗ್ಗೆ ಒಂದೇ ಒಂದು.’

ಅಕ್ಕನ ಮಗಳು ಬಾಯಿ ತೆರೆದು ಕೂತಳು. “ಯಾರ ಮನೆ ಇದು?”

ಆ ಮೇಜಿನ ಮೇಲೆ ಟಚಿಂಗಮ್ಮ ಸಾವಿರ ಸಲ ಲೋಟ ಇಟ್ಟಿದ್ದರು. ಸ್ಟುಡಿಯೋದ ಮೇಲಿನ ಮಹಡಿ ಮನೆ, ಅಮ್ಮಾವ್ರ ಮನೆ. ಆ ಕೈಬರಹವೂ ಗೊತ್ತಿತ್ತು. ‘ಳ’ ಅಕ್ಷರದ ಬಾಲವನ್ನು ಹಾಗೆ ಕೆಳಗಿಳಿಸಿ, ಕೊಕ್ಕೆಯಂತೆ ಮೇಲೆತ್ತುವವರು ಒಬ್ಬರೇ. ಇಪ್ಪತ್ತು ವರ್ಷ ಡಾರ್ಕ್‌ರೂಮಿನಿಂದ ತಮ್ಮ ಮೇಜಿಗೆ ಬಂದ ಪ್ರತಿಯೊಂದು ನೆಗೆಟಿವ್ ಕವರಿನ ಮೇಲೂ ಅದೇ ಬಾಲವಿತ್ತು.

“ಇದರದ್ದೊಂದು ಪ್ರಿಂಟ್ ಕೊಡೇ” ಎಂದರು. “ಪೂರ್ತಿ ಚಿತ್ರದ್ದು.”

*

ಡಾರ್ಕ್‌ರೂಮ್ ಮಾವನ ಬಾಡಿಗೆ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಹಗಲು ಮೂರು ಗಂಟೆಯಾದರೂ ಕಿಟಕಿಗೆ ಕಪ್ಪು ಬಟ್ಟೆ. ಬೆಳಕು ಕಂಡರೆ ಆಗದ ಅಭ್ಯಾಸ ಡಾರ್ಕ್‌ರೂಮ್ ಮುಚ್ಚಿದ ಮೇಲೂ ಬಿಟ್ಟಿರಲಿಲ್ಲ.

“ಬಾ ಮಗು” ಎಂದರು ಮಾವ. ಟಚಿಂಗಮ್ಮನಿಗೆ ಅರವತ್ತೊಂದು, ಅವರ ಬಾಯಲ್ಲಿ ಇನ್ನೂ ಮಗು. “ಐದು ಗಂಟೆಗಲ್ವಾ? ನಾನು ಶರ್ಟು ಇಸ್ತ್ರಿ ಮಾಡಿಟ್ಟಿದೀನಿ. ಪೊಲೀಸ್ರ ಮುಂದೆ ಮುದುಡಿದ ಬಟ್ಟೇಲಿ ಹೋಗ್ಬಾರ್ದು.”

ನಿಜಕ್ಕೂ ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ತೂಗುತ್ತಿತ್ತು.

“ಮಾವ, ಪೆಟ್ಟಿಗೆ ಕದ್ದಿದ್ದು ನೀವಾ?”

“ಪಿಡಿಎಫ್‌ನಲ್ಲಿ ಇದೆಯಲ್ಲ.”

“ಪಿಡಿಎಫ್ ಮಾಡಿದ್ದು ಯಾರು?”

ಮಾವ ಸ್ಟೌ ಹಚ್ಚಲು ಎದ್ದರು. “ನನಗೇನು ಗೊತ್ತಮ್ಮ. ಯಾರೋ ಹಿತೈಷಿ. ಚಹಾ ಮಾಡ್ತೀನಿ, ತಡಿ.”

“ಸ್ಕ್ರೀನ್‌ಶಾಟು ನಿಮ್ಮ ಫೋನಿಂದ ತೆಗೆದಿದ್ದು. ನಿಮ್ಮ ಮಾತು ಬಲಗಡೆ ಬಂದಿದೆ. ವ್ಯಾಪಾರಿ ಹೆಸರು ಮೇಲೆ ಬಂದಿದೆ. ಆ ವ್ಯಾಪಾರಿ ಯಾರು? ನಿಮ್ಮ ಹಳೇ ಫೋನಲ್ವಾ?”

ಬೆಂಕಿಕಡ್ಡಿ ಅವರ ಬೆರಳಿನವರೆಗೂ ಉರಿದುಬಂತು. ಅವರು ಅದನ್ನು ಊದಲಿಲ್ಲ. ಟಚಿಂಗಮ್ಮನೇ ಎದ್ದು ಊದಿದರು.

“ಬಲ, ಎಡ ಅಂತೆಲ್ಲ ಇರತ್ತಾ ಅದ್ರಲ್ಲಿ?” ಎಂದರು ಮಾವ. “ನಾನು ಅಷ್ಟು ನೋಡ್ಲಿಲ್ಲ.”

“ಇದನ್ನೂ ನೋಡ್ಲಿಲ್ಲ ನೀವು.” ಟಚಿಂಗಮ್ಮ ಚೀಲದಿಂದ ಪ್ರಿಂಟ್ ತೆಗೆದು ಮಂಚದ ಮೇಲೆ ಹರಡಿದರು.

ಪೆಟ್ಟಿಗೆ, ಮೇಜು, ಕಪಾಟು, ಬಾಗಿಲು, ಮೂರು ಚೀಟಿ. ಮಾವ ಬಗ್ಗಿ ನೋಡಿದರು. ನೋಡುತ್ತಲೇ ಕುಸಿದು ಕೂತರು.

“ಕ್ರಾಪ್ ಮಾಡಿದ್ನಲ್ಲ! ನಾನೇ ಕೈಯಾರೆ ಮಾಡಿದ್ದು. ಹೋಗಿತ್ತು, ಪೂರ್ತಿ ಹೋಗಿತ್ತು.”

“ಹೋಗಿರ್ಲಿಲ್ಲ ಮಾವ. ಅಂಚಿನ ಹಿಂದೆ ಅಡಗಿತ್ತು.”

ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟರು. ಅದರ ಕಟಕಟ ನಿಧಾನವಾಗುತ್ತಾ ನಿಂತಿತು.

“ಅಮ್ಮಾವ್ರಿಗೆ ಈ ಮರೆವು ಎಷ್ಟು ದಿನದಿಂದ?” ಎಂದು ಟಚಿಂಗಮ್ಮ ಕೇಳಿದರು.

“ಒಂದೂವರೆ ವರ್ಷ. ಒಂದು ದಿನ ಮೇಲೆ ಹೋದೆ. ಅಮ್ಮಾವ್ರು ಬಾಗಿಲಲ್ಲಿ ನಿಂತು, ‘ಯಜಮಾನ್ರು ಎಲ್ಲಿ, ಇನ್ನೂ ಊಟಕ್ಕೆ ಬಂದಿಲ್ವಲ್ಲ’ ಅಂದ್ರು. ಯಜಮಾನ್ರು ಹೋಗಿ ಆಗ್ಲೇ ಎರಡೂವರೆ ವರ್ಷ ಆಗಿತ್ತು. ಹೆಂಗೆ ಹೇಳ್ಲಿ ಮಗು? ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

“ಏನಂತ?”

“‘ಡಾರ್ಕ್‌ರೂಮಲ್ಲಿದಾರೆ ಅಮ್ಮಾವ್ರೇ, ಈಗ ಬಾಗಿಲು ತೆಗೀಬಾರ್ದು’ ಅಂದೆ. ‘ಓ ಹೌದಾ’ ಅಂತ ಸಮಾಧಾನವಾಗಿ ಕೂತ್ಕೊಂಡ್ರು. ಐವತ್ತು ವರ್ಷ ಅದೇ ಮಾತು ಕೇಳಿದ ಜೀವ, ನಂಬ್ತು. ಆವತ್ತಿಂದ ದಿನಾ ಅದೇ ಸುಳ್ಳು ಹೇಳ್ತಾ ಬಂದೆ.”

ಟಚಿಂಗಮ್ಮ ಮುಖ ತಿರುಗಿಸಿಕೊಂಡರು.

“ಮಧ್ಯೆ ಮಧ್ಯೆ ಪೂರ್ತಿ ಸರಿಯಾಗಿರ್ತಾರೆ” ಎಂದು ಮಾವ ಮುಂದುವರಿಸಿದರು. “ಅಂಥ ಒಂದು ದಿನ ಕೈ ಹಿಡ್ಕೊಂಡು, ‘ಚಿಕ್ಕೋನಿಗೆ ಹೇಳ್ಬೇಡ, ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗ್ಬಿಡ್ತಾನೆ’ ಅಂದ್ರು. ಅವನು ಕೆಟ್ಟೋನಲ್ಲ. ಒಳ್ಳೇವ್ನೇ, ನನಗೆ ಭಯ ಆಗಿದ್ದೂ ಅದಕ್ಕೇ. ಗೊತ್ತಾದ ಮರುದಿನ ಆಸ್ಪತ್ರೆ, ಅವನ ಮನೆ, ಇಲ್ಲಿಗೆ ಬೀಗ. ಅವರಿಗೆ ಈಗ ದಾರಿ ಗೊತ್ತಿರೋದು ಆ ಮಹಡಿ ಮನೇಲಿ ಮಾತ್ರ. ಅದ್ಕೇ ಚೀಟಿ ಅಂಟಿಸ್ದೆ. ಅವನು ದಿನಾ ಒಂದು ಗಂಟೆಗೆ ಊಟಕ್ಕೆ ಮೇಲೆ ಬರ್ತಾನೆ. ಹನ್ನೆರಡೂವರೆಗೆ ಎಲ್ಲಾ ಚೀಟಿ ಕೀಳೋದು, ಎರಡಕ್ಕೆ ಮತ್ತೆ ಅಂಟಿಸೋದು. ಅಂಟು ಸವೆದು ಸವೆದು ಗೋಡೆ ಬಣ್ಣಾನೇ ಎದ್ಬಂತು.”

“ಪೆಟ್ಟಿಗೆ?”

“ಆವತ್ತು ಹನ್ನೆರಡೂವರೆಗೆ ಹೋದಾಗ ಬೀರು ತೆರ್ದಿತ್ತು. ಪೆಟ್ಟಿಗೆ ಇರ್ಲಿಲ್ಲ. ಅಮ್ಮಾವ್ರು ಮುಂದೆ ಕೂತಿದ್ರು. ‘ಯಾರಿಗೆ ಕೊಟ್ರಿ’ ಅಂದ್ರೆ, ‘ನೀವ್ಯಾರು’ ಅಂದ್ರು ನನ್ನ. ಗುಜರಿಯೋನಿಗೆ ಕೊಟ್ಟಿರ್ಬೇಕು ಅಂತ ನಾಕು ದಿನ ಊರಿನ ಗುಜರಿ ಅಂಗಡಿಯೆಲ್ಲ ಜಾಲಾಡ್ದೆ. ಸಿಗ್ಲಿಲ್ಲ. ಅಷ್ಟರಲ್ಲಿ ಚಿಕ್ಕ ಯಜಮಾನ, ‘ಬೀರುವಿನ ಕೀ ಅಮ್ಮನ ಹತ್ರ ಮಾತ್ರ ಇರತ್ತೆ, ಪೊಲೀಸರನ್ನ ಕರೆಸಿ ಅಮ್ಮನ್ನ ಕೇಳ್ಸೋಣ’ ಅಂದ. ಪೊಲೀಸ್ರು ನಾಕು ಪ್ರಶ್ನೆ ಕೇಳಿದ್ರೆ ಎಲ್ಲಾ ಬಯಲು. ಕಳ್ಳ ಸಿಕ್ಬಿಟ್ರೆ ಅವರನ್ನ ಯಾರೂ ಕೇಳಲ್ಲ ಅಂದ್ಕೊಂಡೆ.”

“ಅದ್ಕೆ ನೀವೇ ಕಳ್ಳ ಆದ್ರಿ.”

“ನನಗೇನು, ಹಿಂದಿಲ್ಲ ಮುಂದಿಲ್ಲ. ಪೆಟ್ಟಿಗೆ ಫೋಟೋ ಹೋದ ವರ್ಷ ಗಾಜು ಒರೆಸೋವಾಗ ತೆಗೆದಿದ್ದು, ಫೋನಲ್ಲೇ ಇತ್ತು.”

“ಪಿಡಿಎಫ್‌ಗೆ ಚಿತ್ರ ಸೇರ್ಸೋದು ಯಾರು ಹೇಳ್ಕೊಟ್ರು ನಿಮಗೆ?”

ಮಾವ ಮೊದಲ ಬಾರಿಗೆ ಸ್ವಲ್ಪ ನಕ್ಕರು. ದಿಂಬಿನ ಕೆಳಗಿನಿಂದ ಫೋನ್ ತೆಗೆದು, ಏನನ್ನೋ ತೆರೆದು, ಅವರ ಕೈಗೆ ಕೊಟ್ಟರು. “ಇದಕ್ಕೋಸ್ಕರ ಕಲ್ತಿದ್ದು. ಎರಡು ತಿಂಗಳು ಒದ್ದಾಡ್ದೆ. ಒಂದು ಚಿತ್ರ ಹಾಕಿದ್ರೆ ಇನ್ನೊಂದು ತಲೆಕೆಳಗಾಗೋದು.”

ಇನ್ನೊಂದು ಪಿಡಿಎಫ್. ಅರವತ್ತನಾಲ್ಕು ಪುಟ. ಒಂದೊಂದು ಪುಟಕ್ಕೂ ಒಂದೊಂದು ಹಳೆಯ ಫೋಟೋ, ಎಲ್ಲವೂ ಎಡ ಅಂಚಿಗೆ ಅಂಟಿಕೊಂಡು ಸ್ವಲ್ಪ ವಾಲಿದ್ದವು. ಕೆಳಗೆ ದೊಡ್ಡ ಅಕ್ಷರದಲ್ಲಿ ಬರಹ.

‘ಇದು ನೀವು. ಈ ಮನೆಗೆ ಬಂದ ವರ್ಷ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೀರಿ.’

‘ಇದು ಯಜಮಾನರು. ನಗಿಸಲು ನೀವು ಕ್ಯಾಮೆರಾ ಹಿಂದೆ ನಿಂತಿದ್ದಿರಿ.’

‘ಇದು ನಿಮ್ಮ ಮಗ. ಹಲ್ಲು ಬಿದ್ದಿದೆ, ಅದಕ್ಕೆ ಬಾಯಿ ಮುಚ್ಚಿದ್ದಾನೆ. ದಿನಾ ಒಂದು ಗಂಟೆಗೆ ಬರುತ್ತಾನೆ.’

ಟಚಿಂಗಮ್ಮ ಬೆರಳಿನಿಂದ ಪುಟ ಸರಿಸುತ್ತಾ ಹೋದರು. ಹತ್ತೊಂಬತ್ತನೇ ಪುಟದಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಇಳಿಜಾರು ಮೇಜಿನ ಮುಂದೆ ಕೂತು ಪೆನ್ಸಿಲ್ ಕಚ್ಚುತ್ತಿದ್ದಳು. ಆ ಫೋಟೋ ತೆಗೆದದ್ದೇ ಅವರಿಗೆ ಗೊತ್ತಿರಲಿಲ್ಲ.

‘ಇವಳು ಟಚಿಂಗ್ ಹುಡುಗಿ. ಇವಳಿಗೆ ಚಹಾಗೆ ಸಕ್ಕರೆ ಜಾಸ್ತಿ ಬೇಕು.’

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಒರೆಸಿದಷ್ಟೂ ಮಂಜು ಹೋಗಲಿಲ್ಲ.

“ಮಗು, ನಿನ್ನ ಕಾಲಿಗೆ ಬೀಳ್ತೀನಿ” ಎಂದರು ಮಾವ. “ಆ ಪ್ರಿಂಟ್ ಹರಿದುಹಾಕು. ನಾನು ಹೋಗಿ ಒಪ್ಕೊಂಡು ಬರ್ತೀನಿ.”

“ಹಾಗನ್ಬೇಡಿ ಮಾವ.”

“ಒಂದು ಸಣ್ಣ ಟಚಿಂಗ್ ಅಂದ್ಕೋ.”

“ಕಲೆ ತೆಗೆದಿದೀನಿ ಮಾವ, ಜೀವಮಾನವಿಡೀ. ಮುಖ ತೆಗೆದಿಲ್ಲ.” ಟಚಿಂಗಮ್ಮ ಎದ್ದು ಮೊಳೆಯಿಂದ ಶರ್ಟು ಇಳಿಸಿ ಅವರ ಕೈಗಿತ್ತರು. “ಹಾಕ್ಕೊಳ್ಳಿ. ಇಬ್ರೂ ಹೋಗೋಣ. ಅವನಿಗೆ ನಾನು ಹೇಳ್ತೀನಿ. ಅವನು ಅಮ್ಮನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋದಾದ್ರೆ ಮೊದಲು ನನ್ನ ದಾಟಿ ಹೋಗ್ಲಿ.”

*

ಸ್ಟುಡಿಯೋ ತಲುಪಿದಾಗ ಐದಕ್ಕೆ ಹತ್ತು ನಿಮಿಷ ಬಾಕಿ. ಚಿಕ್ಕ ಯಜಮಾನ ಕೌಂಟರಿನ ಹಿಂದೆ ನಿಂತಿದ್ದ. ನಲವತ್ತೈದರ ಆಸುಪಾಸು, ಅಪ್ಪನದೇ ಅಗಲ ಹಣೆ. ಅವನ ಮುಂದೆ ಪಿಡಿಎಫ್‌ನ ನಾಲ್ಕು ಪುಟಗಳ ಪ್ರಿಂಟ್, ಪಿನ್ ಹೊಡೆದು ಸಿದ್ಧವಾಗಿತ್ತು. ಬೆಳಕಿನ ಛತ್ರಿಗಳ ನಡುವೆ ಹೊಸ ಕ್ಯಾಮೆರಾದವನು ವೈರು ಸುತ್ತುತ್ತಿದ್ದ.

ಮಾವನನ್ನು ಕಂಡು ಚಿಕ್ಕ ಯಜಮಾನ ಮುಖ ಬಿಗಿ ಮಾಡಿಕೊಂಡ. “ಅಕ್ಕಾ, ಇವರನ್ನ ಯಾಕೆ ಕರ್ಕೊಂಡು ಬಂದ್ರಿ? ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದ ಮನುಷ್ಯನ್ನ ಪೊಲೀಸರಿಗೆ ಕೊಡೋದು ನನಗೇನು ಹಬ್ಬಾನಾ? ನೋಡಿದ್ರೆ ಎದೆ ಇನ್ನಷ್ಟು ಉರಿಯತ್ತೆ.”

“ನೋಡ್ಬೇಕಪ್ಪಾ ನೀನು. ಇದನ್ನ ನೋಡಿ ಆಮೇಲೆ ಉರ್ಕೋ.”

ಟಚಿಂಗಮ್ಮ ಹೊಸ ಕ್ಯಾಮೆರಾದವನನ್ನು ಚಹಾ ತರಲು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದರು. ಪೂರ್ತಿ ಚಿತ್ರದ ಪ್ರಿಂಟನ್ನು ಕೌಂಟರ್ ಮೇಲಿಟ್ಟರು. ಆಮೇಲೆ ಏನನ್ನೂ ಬಣ್ಣ ಬಳಿಯದೆ, ಏನನ್ನೂ ಬಿಡದೆ ಹೇಳಿದರು: ಬಲಗಡೆಯ ಮೆಸೇಜು, ಹಳೆಯ ಫೋನು, ಕ್ರಾಪ್ ಮಾಡಿದ ಅಂಚು, ಹನ್ನೆರಡೂವರೆಗೆ ಕೀಳುವ ಚೀಟಿ, ಮಾವನ ಅರವತ್ತನಾಲ್ಕು ಪುಟ.

ಚಿಕ್ಕ ಯಜಮಾನ ಚೀಟಿಗಳನ್ನು ಒಂದೊಂದಾಗಿ ಓದಿದ. ‘ಚಹಾ ಆಗಲೇ ಕುಡಿದಿದ್ದೀರಿ’ ಎಂಬಲ್ಲಿ ಅವನ ಬೆರಳು ನಿಂತಿತು.

“ದಿನಾ ಊಟಕ್ಕೆ ಹೋಗ್ತೀನಿ” ಎಂದ. “ದಿನಾ, ‘ಚೆನ್ನಾಗಿದೀಯಾಮ್ಮಾ’ ಅಂತೀನಿ. ‘ಚೆನ್ನಾಗಿದೀನಿ ಕಣೋ’ ಅಂತಾಳೆ. ಫೋನ್ ನೋಡ್ತಾ ಊಟ ಮುಗಿಸಿ ಬರ್ತೀನಿ. ಗೋಡೆ ಬಣ್ಣ ಯಾಕೆ ಹೋಗಿದೆ ಅಂತ ಒಂದು ಸಲ ಕೇಳಿದ್ದೆ ಮಾವ. ನೀವು ತೇವ ಅಂದ್ರಿ.”

“ಹೌದಪ್ಪ.”

“ನನ್ನನ್ನ ಏನು ಅಂದ್ಕೊಂಡ್ರಿ ನೀವು?” ಅವನು ಚೀಟಿಗಳ ಪ್ರಿಂಟನ್ನು ಪಕ್ಕಕ್ಕೆ ಸರಿಸಿದ. “ಜೈಲಿಗೆ ಹೋಗೋಕೆ ತಯಾರಾದ್ರಿ, ನನಗೆ ಒಂದು ಮಾತು ಹೇಳೋಕೆ ತಯಾರಾಗ್ಲಿಲ್ಲ. ಅಷ್ಟು ಕಟುಕ ಥರ ಕಾಣ್ತೀನಾ?”

ಮಾವ ಇಸ್ತ್ರಿ ಮಾಡಿದ ಶರ್ಟಿನ ತೋಳನ್ನು ಸುಮ್ಮನೆ ನೀವಿಕೊಂಡರು. ಚಿಕ್ಕ ಯಜಮಾನ ಪಿನ್ ಹೊಡೆದ ನಾಲ್ಕು ಪುಟಗಳನ್ನು ಎತ್ತಿ ಅಡ್ಡಡ್ಡ ಹರಿದ. ಕೌಂಟರ್ ಸುತ್ತಿ ಬಂದು ಮುದುಕನ ಹೆಗಲಿಗೆ ಹಣೆ ಆನಿಸಿ ನಿಂತುಬಿಟ್ಟ.

“ಎಲ್ಲಿಗೂ ಕರ್ಕೊಂಡು ಹೋಗಲ್ಲ” ಎಂದ, ಅಲ್ಲಿಂದಲೇ. “ನಾವೇ ಇಲ್ಲಿಗೆ ಬಂದಿರ್ತೀವಿ. ಚೀಟಿ ಕೀಳ್ಬೇಡಿ ಇನ್ಮೇಲೆ. ಆ ಅರವತ್ತನಾಲ್ಕು ಪುಟ ನನಗೂ ಕೊಡಿ.”

ಟಚಿಂಗಮ್ಮ ಕುರ್ಚಿ ಎಳೆದುಕೊಂಡು ಕೂತರು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಅಮ್ಮಾವ್ರು ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಎಪ್ಪತ್ತಾರರ ಜೀವ, ಹೆಗಲ ಮೇಲೆ ಬೂದು ಶಾಲು, ಅಚ್ಚುಕಟ್ಟಾಗಿ ಬಾಚಿದ ತಲೆ. ಮಗ ಓಡಿ ಹೋಗಿ ಕೈ ಹಿಡಿದ. ಅವರು ಎಲ್ಲರನ್ನೂ ನೋಡಿದರು. ಕಣ್ಣು ಅಂದು ತಿಳಿಯಾಗಿತ್ತು.

“ಟಚಿಂಗ್ ಹುಡುಗಿ ಬಂದಿದಾಳಾ? ಎಷ್ಟು ದಿನ ಆಯ್ತೇ ನಿನ್ನ ನೋಡಿ! ಇವನ್ಯಾಕೆ ಅಳ್ತಿದಾನೆ?”

“ಏನಿಲ್ಲಮ್ಮ. ಆ ಗಾಜಿನ ನೆಗೆಟಿವ್ ಪೆಟ್ಟಿಗೆ ಸಿಕ್ಕಿಲ್ಲ, ಅದಕ್ಕೆ.”

“ಅದಕ್ಯಾಕೆ ಅಳ್ತೀಯೋ?” ಅಮ್ಮಾವ್ರು ಮಗನ ಕೆನ್ನೆ ಒರೆಸಿದರು. “ನಾನೇ ಕೊಟ್ಟೆ. ನಿಮ್ಮಣ್ಣ ಬಂದಿದ್ದ. ‘ಅಮ್ಮಾ, ಅದರಲ್ಲಿ ನನ್ನ ಫೋಟೋ ಇದೆ’ ಅಂದ. ಕೀ ತೆಗೆದುಕೊಟ್ಟೆ.”

ಚಿಕ್ಕ ಯಜಮಾನ ಟಚಿಂಗಮ್ಮನ ಕಡೆ ನೋಡಿದ. ಅವನ ಕಣ್ಣಲ್ಲಿ ಹೊಸದಾಗಿ ಕಲಿತ ಕರುಣೆಯಿತ್ತು. ತಾಯಿಯ ಕೈಯನ್ನು ಮೆಲ್ಲಗೆ ತಟ್ಟಿದ. “ಆಯ್ತಮ್ಮ. ಆಯ್ತು. ಬಾ, ಕೂತ್ಕೋ. ನಾನೊಬ್ನೇ ಅಲ್ವಾ ನಿನ್ನ ಮಗ? ನನಗೆಲ್ಲಿಯ ಅಣ್ಣ?”

“ಸ್ವಲ್ಪ ಸೊರಗಿದಾನೆ” ಎಂದರು ಅಮ್ಮಾವ್ರು. “ಎಡಗಿವಿ ಮಾತ್ರ ಹಾಗೇ ಇದೆ, ಮಡಚ್ಕೊಂಡು.”

ಟಚಿಂಗಮ್ಮನೂ ಕರುಣೆಯಿಂದ ತಲೆದೂಗುವವರಿದ್ದರು. ಅಷ್ಟರಲ್ಲಿ ಕಣ್ಣು ಮಾವನ ಮೇಲೆ ಬಿತ್ತು.

ಅವರು ಗೋಡೆಗೆ ಒರಗಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಚಿಕ್ಕ ಯಜಮಾನ ಹೇಳಿದ್ದು ಅವರಿಗೆ ಕೇಳಿಸಿದಂತಿರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಅವರು ಅಮ್ಮಾವ್ರನ್ನು ಮಾತ್ರ ನೋಡುತ್ತಿದ್ದರು.

“ಅವನಿಗೆ ಈ ಮನೆ ದಾರಿ ಯಾರು ಹೇಳಿದ್ರು, ಅಮ್ಮಾವ್ರೇ?”